ಹಾಲಿಗೆ ಅಳತೆ ಉಂಟು, ನೀರಿಗೆ ಯಾಕಿಲ್ಲ?

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಾತು ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

25 ವರ್ಷದಿಂದ ಬೆಳಿಗ್ಗೆ ಸಂಜೆ ಹಾಲು ಅಳೆದಿದ್ದೇವೆ. ನೂರು ಮಿಲಿ ಕಡಿಮೆ ಬರೆದರೆ ಕಾರ್ಯದರ್ಶಿ ಜೊತೆ ಜಗಳಕ್ಕೇ ನಿಲ್ಲುತ್ತೇವೆ. ಆದರೆ ನಮ್ಮೂರ ಓವರ್‌ಹೆಡ್ ಟ್ಯಾಂಕಿನಿಂದ ದಿನಕ್ಕೆ ಎಷ್ಟು ನೀರು ಹೊರಡುತ್ತೆ, ಮನೆಗಳಿಗೆ ಎಷ್ಟು ಮುಟ್ಟುತ್ತೆ ಅಂದರೆ ಹೇಳುವವರೇ ಇಲ್ಲ.

ಹೋದ ಬೇಸಿಗೆಯಲ್ಲಿ ಟ್ಯಾಂಕಿನ ಬುಡದ ವಾಲ್ವು ಸೋರುತ್ತಿತ್ತು. ಮೇಲಿನ ಬೀದಿಯ ಹೆಣ್ಣುಮಕ್ಕಳು ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ನಾವು ನಾಲ್ಕು ಜನ ಸೇರಿ, ಸೋರುವ ಕಡೆ ಹಳೇ ಟ್ಯೂಬು ಕಟ್ಟಿ, ಸಂಘದ 40 ಲೀಟರ್ ಕ್ಯಾನಿಗೆ ಬಿಟ್ಟೆವು. 12 ನಿಮಿಷಕ್ಕೆ ತುಂಬಿತು. ಗಂಟೆಗೆ 200 ಲೀಟರ್, ಹಗಲೂ ರಾತ್ರಿ ಸೇರಿದರೆ 4,800 ಲೀಟರ್! 2019ರಲ್ಲಿ ಬಂದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅಂದರೆ 87 ಜನರ ಪಾಲು ಚರಂಡಿಗೆ. ರಿಪೇರಿಗೆ ಬೇಕಾಗಿದ್ದು ಒಂದು ಮೊಳ ಗ್ಲ್ಯಾಂಡ್ ಹಗ್ಗ. ಅದು ಯಾರ ಕೆಲಸ ಅಂತ ತೀರ್ಮಾನ ಆಗೋಕೆ ಒಂದು ತಿಂಗಳು ಹಿಡಿಯಿತು.

ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಕಾವೇರಿ ನೀರನ್ನು ಪಂಪು ಮಾಡುತ್ತಾರೆ. ಅಲ್ಲಿ 2009ರಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. 2024ರ ನೀರಿನ ಬರದಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು. ಬೇಕಾದ್ದೇ. ಆದರೆ ಇವೆಲ್ಲ ಬಳಸುವವರ ಮೇಲಿನ ಕಟ್ಟುಪಾಡು. ಕೊಡುವವರಿಗೂ ಒಂದು ಕಟ್ಟುಪಾಡು ಬೇಡವೇ? ಸೋರಿದ್ದು, ಕದ್ದದ್ದು, ಮೀಟರು ಓಡದ್ದು ಎಲ್ಲ ಸೇರಿ 'ಲೆಕ್ಕಕ್ಕೆ ಸಿಗದ ನೀರು' ಅಂತ ಪಟ್ಟಣದ ಇಂಜಿನಿಯರುಗಳಾದರೂ ಒಂದು ಲೆಕ್ಕ ಇಡುತ್ತಾರೆ. ಅಳೆಯುವುದರಿಂದ ಅದು ಗೊತ್ತಾಗುತ್ತೆ. ನಮ್ಮಲ್ಲಿ ಕಳೆದದ್ದೂ ಗೊತ್ತಾಗಲ್ಲ.

ಜಲ ಜೀವನ್ ಮಿಷನ್‌ನಲ್ಲಿ ನೀರು ಕೊಡುವ ಸಂಸ್ಥೆ ಅಂದರೆ ಗ್ರಾಮ ಪಂಚಾಯಿತಿಯೇ. ನೀರಿನ ಸಮಿತಿಯಲ್ಲಿ ಅರ್ಧಕ್ಕೆ ಕಮ್ಮಿ ಇಲ್ಲದಂತೆ ಹೆಂಗಸರಿರಬೇಕು. ಬೋರಿನ ಸುತ್ತ ಇಂಗುಗುಂಡಿ, ಬಚ್ಚಲ ನೀರಿನ ವಿಲೇವಾರಿ ಎಲ್ಲ ಊರಿನ ಯೋಜನೆಯಲ್ಲೇ ಬರಬೇಕು. ಸಮಿತಿ ಸಭೆಗೆ ಹೆಂಗಸರನ್ನು ಬರೀ ಸಹಿಗೆ ಕರೆಯಬೇಡಿ. ಯಾವ ಬೀದಿಗೆ ಎಷ್ಟು ಕೊಡ ಬಂತು ಅನ್ನೋದು ಅವರಿಗೇ ಗೊತ್ತು.

ನಮ್ಮ ತಪ್ಪೂ ಇದೆ. ಕೊಟ್ಟಿಗೆ ತೊಟ್ಟಿ ತುಂಬಿ ಹರಿಯುತ್ತಿದ್ದರೂ ನೋಡಿಯೂ ನೋಡದಂತೆ ಹೋಗುತ್ತೇವೆ. ನಿರ್ದೇಶಕರಾದ ನಮ್ಮ ಮನೆ ನಲ್ಲಿಗೇ ಹೋದ ವರ್ಷದವರೆಗೆ ತಿರುಪು ಇರಲಿಲ್ಲ!

ಪಂಚಾಯಿತಿಯವರು ಟ್ಯಾಂಕಿನ ಹೊರಪೈಪಿಗೆ ಒಂದು ಮೀಟರು ಹಾಕಿಸಲಿ. ವಾಟರ್‌ಮ್ಯಾನ್ ದಿನಾ ಬೆಳಿಗ್ಗೆ ಅಂಕಿ ತಂದು ಕೊಡಲಿ. ಡೈರಿ ಗೋಡೆಯ ಕಪ್ಪು ಹಲಗೆಯಲ್ಲಿ ಹಾಲಿನ ರೇಟಿನ ಕೆಳಗೆ ಜಾಗ ಬಿಟ್ಟಿದ್ದೇವೆ. ಸೀಮೆಸುಣ್ಣ ಸಂಘದ್ದು.