‘ಕೇಳಿ’ ಅಂದರೆ ಬಾಳೆಹಣ್ಣು



ಇವತ್ತು ನನಗೆ ಕೊಟ್ಟಿರುವ ವಿಷಯ ‘ಕಲಿಕೆ ಮತ್ತು ನೆನಪು’. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಅದಕ್ಕೇ ನನ್ನನ್ನು ಕಂಡಾಗಲೆಲ್ಲ ನಮ್ಮ ಸದಸ್ಯೆಯರು ಒಂದು ಪ್ರಶ್ನೆ ಕೇಳುತ್ತಾರೆ: “ಮಕ್ಕಳಿಗೆ ಎಷ್ಟು ಹೇಳಿಕೊಟ್ಟರೂ ಕನ್ನಡ ಯಾಕೆ ನಿಲ್ಲುವುದಿಲ್ಲ?” ಆ ಪ್ರಶ್ನೆಯನ್ನೇ ಹಿಡಿದು ನಾಲ್ಕು ಮಾತು ಹೇಳುತ್ತೇನೆ.

ನಾನಿರುವುದು ಯೆರವಡಾದಲ್ಲಿ. ಅಲ್ಲಿನ ಡೆಕ್ಕನ್ ಕಾಲೇಜಿನಲ್ಲಿ 1948ರಿಂದ ಸಂಸ್ಕೃತದ ಬೃಹತ್ ನಿಘಂಟಿನ ಕೆಲಸ ನಡೆದಿದೆ. ಸುಮಾರು 1,500 ಗ್ರಂಥಗಳಿಂದ ಪದಗಳನ್ನು ಆರಿಸಿ, ಒಂದು ಕೋಟಿಯಷ್ಟು ಚೀಟಿಗಳನ್ನು ಬರೆದು ಜೋಡಿಸಿಟ್ಟಿದ್ದಾರೆ. ನಮ್ಮ ತಲೆಯೂ ಇಂಥದೊಂದು ಚೀಟಿಗಳ ಕಪಾಟು ಎಂದು ಬಹಳ ಜನ ತಿಳಿದಿರುತ್ತಾರೆ. ಪದವನ್ನು ಒಮ್ಮೆ ಒಳಗಿಟ್ಟರೆ ಬೇಕಾದಾಗ ತೆಗೆಯಬಹುದು ಎಂಬ ನಂಬಿಕೆ. ಆದರೆ ತಲೆಯಲ್ಲಿ ಪದ ಒಂಟಿಯಾಗಿರುವುದಿಲ್ಲ. ಇನ್ನೊಂದಕ್ಕೆ ಗಂಟು ಬಿದ್ದಿರುತ್ತದೆ. ‘ಒಗ್ಗರಣೆ’ ಎಂದ ಕೂಡಲೇ ನಮಗೆ ಸಾಸಿವೆ ಚಟಪಟ ಎನ್ನುವುದು ಕೇಳುತ್ತದೆ, ಇಂಗಿನ ವಾಸನೆ ಬರುತ್ತದೆ, ತವರುಮನೆಯ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ. ಹೀಗೆ ಒಂದಕ್ಕೆ ಇನ್ನೊಂದು ಗಂಟು ಬೀಳುವುದನ್ನೇ ಮನಶ್ಶಾಸ್ತ್ರದಲ್ಲಿ ಸಾಹಚರ್ಯ ಕಲಿಕೆ ಎನ್ನುತ್ತಾರೆ.

ಈ ಗಂಟನ್ನು ಅಳೆಯುವ ದಾರಿ ತೋರಿಸಿಕೊಟ್ಟವಳು ಒಬ್ಬ ಹೆಣ್ಣುಮಗಳು ಎನ್ನುವುದನ್ನು ನಾವು ಇಲ್ಲಿ ನೆನೆಯಲೇಬೇಕು. ಅಮೆರಿಕದ ಮೇರಿ ವಿಟನ್ ಕಾಲ್ಕಿನ್ಸ್ 1890ರ ದಶಕದಲ್ಲಿ ಜನರಿಗೆ ಒಂದು ಬಣ್ಣ, ಅದರ ಜೊತೆಗೆ ಒಂದು ಅಂಕಿ, ಹೀಗೆ ಜೋಡಿಗಳನ್ನು ತೋರಿಸಿದಳು. ಆಮೇಲೆ ಬಣ್ಣವನ್ನಷ್ಟೇ ತೋರಿಸಿ ಅಂಕಿ ಯಾವುದೆಂದು ಕೇಳಿದಳು. ಎದ್ದು ಕಾಣುವ ಜೋಡಿ ನೆನಪಿರುತ್ತದೆಯೇ, ಕೊನೆಗೆ ನೋಡಿದ್ದೇ, ಅಥವಾ ಮತ್ತೆ ಮತ್ತೆ ನೋಡಿದ್ದೇ? ಮೂರೂ ನೆರವಾಗುತ್ತವೆ, ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಮತ್ತೆ ಮತ್ತೆ ಎದುರಾಗುವುದು ಎಂದು ಅವಳು ಕಂಡುಕೊಂಡಳು. 1895ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರು ಅವಳನ್ನು ಪರೀಕ್ಷಿಸಿ ಮೆಚ್ಚಿಕೊಂಡರು. ಆದರೆ ಹೆಣ್ಣೆಂಬ ಕಾರಣಕ್ಕೆ ಡಾಕ್ಟರೇಟ್ ಪದವಿ ಸಿಗಲಿಲ್ಲ. 1902ರಲ್ಲಿ ಹೆಣ್ಣುಮಕ್ಕಳ ರಾಡ್‌ಕ್ಲಿಫ್ ಕಾಲೇಜಿನ ಹೆಸರಿನಲ್ಲಿ ಪದವಿ ಕೊಡುತ್ತೇವೆಂದಾಗ, ತಾನು ಓದಿದ್ದು ಹಾರ್ವರ್ಡಿನಲ್ಲಿ ಎಂದು ಅವಳು ಬೇಡವೆಂದಳು. 1905ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘಕ್ಕೆ ಅವಳೇ ಅಧ್ಯಕ್ಷೆಯಾದಳು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆಯಾಗಿ.

ಈಗ ನಮ್ಮ ಪುಣೆಯ ಮಗುವನ್ನು ನೋಡಿ. ಹಣ್ಣಿನ ಗಾಡಿಯವನು ‘ಕೇಳಿ, ಕೇಳಿ’ ಎಂದು ಕೂಗಿದರೆ ಮರಾಠಿಯಲ್ಲಿ ಅದು ಬಾಳೆಹಣ್ಣು. ಮನೆಯಲ್ಲಿ ನಾವು ‘ಕೇಳಿ’ ಎಂದರೆ ಕಿವಿಗೊಡಿ ಎಂದು. ಅಲ್ಲಿ ‘ಕಾಯ್’ ಎಂದರೆ ಏನು, ಇಲ್ಲಿ ‘ಕಾಯಿ’ ಎಂದರೆ ತೆಂಗಿನಕಾಯಿ. ಅಲ್ಲಿ ‘ಊಠ್’ ಎಂದರೆ ಏಳು, ಇಲ್ಲಿ ‘ಊಟ’ ಎಂದರೆ ಬಂದು ತಟ್ಟೆಯ ಮುಂದೆ ಕೂತುಕೋ. ಒಂದೇ ಸದ್ದಿಗೆ ಎರಡು ಗಂಟು. ಹೊಸದಾಗಿ ಕಲಿತದ್ದು ಮೊದಲು ಕಲಿತದ್ದನ್ನು ನೆನಪಿಗೆ ಬಾರದಂತೆ ತಡೆಯಬಹುದು ಎಂದು ಜರ್ಮನಿಯ ಮ್ಯೂಲರ್ ಮತ್ತು ಪಿಲ್ಝೆಕರ್ 1900ರಲ್ಲೇ ಬರೆದಿದ್ದರು. ಹಾಗಾಗಿ ಮಗು ತಡವರಿಸಿದರೆ ಅದು ದಡ್ಡತನವೂ ಅಲ್ಲ, ಅಸಡ್ಡೆಯೂ ಅಲ್ಲ. ಶಾಲೆ, ಆಟ, ಅಂಗಡಿ ಎಲ್ಲ ಕಡೆ ಒಂದು ಗಂಟು ದಿನವಿಡೀ ಬಿಗಿಯಾಗುತ್ತದೆ. ಇನ್ನೊಂದು ಗಂಟು ವಾರಕ್ಕೊಮ್ಮೆ ಭಾನುವಾರದ ತರಗತಿಯಲ್ಲಿ ಮಾತ್ರ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಭಾನುವಾರ ಎರಡು ಗಂಟೆ ಕೂರಿಸುವ ಬದಲು ದಿನಾ ಹತ್ತು ನಿಮಿಷ. ಪದ ವಸ್ತುವಿನ ಜೊತೆಗೇ ಬರಲಿ. ಸೌಟು ಕೈಯಲ್ಲಿರುವಾಗ ‘ಸೌಟು’ ಎನ್ನಿ.

ಎರಡನೆಯದು, ಹೇಳಿಕೊಡುವುದಕ್ಕಿಂತ ಹೆಚ್ಚು ಕೇಳಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನು ಮತ್ತೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ನೆನಪಿಸಿಕೊಂಡವರೇ ಮುಂದೆ! ಆದ್ದರಿಂದ “ಇದಕ್ಕೆ ಏನಂತಾರೆ ಪುಟ್ಟಾ?” ಎಂದು ಕೇಳಿ, ಸ್ವಲ್ಪ ಕಾಯಿರಿ. ಮಗು ತಡಕಾಡಲಿ. ನಾವು ಅವಸರಪಟ್ಟು ಬಾಯಿಗೆ ತುರುಕುವುದು ಬೇಡ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಪದಕ್ಕೆ ಅರ್ಥವಷ್ಟೇ ಅಲ್ಲ, ಭಾವನೆಯೂ ಗಂಟು ಬೀಳುತ್ತದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಏಳು ವರ್ಷದ ಹುಡುಗ “ಅಜ್ಜಿ ಬಂದ” ಎಂದ. ಕೂತಿದ್ದ ದೊಡ್ಡವರೆಲ್ಲ ಗೊಳ್ಳೆಂದು ನಕ್ಕರು, ಬಂದ ನೆಂಟರಿಗೆಲ್ಲ ಅದನ್ನೇ ಹೇಳಿ ಮತ್ತೆ ನಕ್ಕರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಹುಡುಗ ಅಂದಿನಿಂದ ಕನ್ನಡಕ್ಕೆ ಬಾಯಿ ತೆರೆಯುವುದಿಲ್ಲ. ಊರಿನಲ್ಲಿರುವ ಅಜ್ಜಿಗೆ ಬರುವುದು ಕನ್ನಡ ಒಂದೇ. ಈಗ ಫೋನಿನಲ್ಲಿ “ಊಟ ಆಯ್ತಾ?” “ಹೂಂ” ಇಷ್ಟೇ. ಆಮೇಲೆ ಫೋನು ಅಮ್ಮನ ಕೈಗೆ.

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಇನ್ನೊಬ್ಬ ಅಮೆರಿಕನ್ ಹೆಣ್ಣುಮಗಳು, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದಳು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ಪಂಜರದಲ್ಲಿ ದೂರ ಇಟ್ಟು, ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದಳು. ಕೊನೆಗೆ ಅವನೇ ಮೊಲವನ್ನು ಮುದ್ದಿಸಿದ. ಅವಸರ ಮಾಡಿದ್ದರೆ ಹೆದರಿಕೆ ತಿಂಡಿಗೂ ಅಂಟಬಹುದಿತ್ತು ಎಂದು ಎಚ್ಚರಿಸಿದವಳೂ ಅವಳೇ. ಅದೇ 1924ರಲ್ಲಿ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಬಾನುಲಿ ಕೇಂದ್ರ ಆರಂಭಿಸಿದವರು. ಈ ವಿದ್ಯೆ ನಮಗೆ ಹೊರಗಿನದೇನಲ್ಲ.

ಕನ್ನಡಕ್ಕೆ ಅಂಟಿದ ನಾಚಿಕೆಯನ್ನೂ ಹಾಗೆಯೇ ಬಿಡಿಸಬಹುದು. ಮಗು “ಅಜ್ಜಿ ಬಂದ” ಎಂದರೆ ನಗದೆ, ತಿದ್ದದೆ, “ಹೌದಾ, ಅಜ್ಜಿ ಬಂದಳಾ? ಏನು ತಂದಳು?” ಎಂದು ಮಾತು ಮುಂದುವರಿಸಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ.

ನಮ್ಮ ವೇದಿಕೆಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ತಿಂಗಳಿಂದ ಕನ್ನಡ ತರಗತಿಯ ಮಕ್ಕಳಿಗೆ ಹೋಂವರ್ಕ್ ಬೇಡ. ಬದಲಿಗೆ ಪ್ರತಿ ಮಗುವೂ ವಾರದಲ್ಲಿ ಮೂರು ದಿನ ಅಜ್ಜಿಗೋ ತಾತನಿಗೋ ದೊಡ್ಡಮ್ಮನಿಗೋ ಫೋನು ಮಾಡಿ ಒಂದು ಪ್ರಶ್ನೆ ಕನ್ನಡದಲ್ಲಿ ಕೇಳಲಿ. ಆ ಕಡೆಯವರಿಗೆ ನಾವು ಮೊದಲೇ ಹೇಳಿಡೋಣ: ತಪ್ಪಾದರೆ ನಗಬೇಡಿ, ಉತ್ತರ ಸ್ವಲ್ಪ ಉದ್ದವಾಗಿ ಕೊಡಿ.