ಪವರ್ ಸ್ಟೀರಿಂಗ್ ಆಯಿಲ್ ಕಮ್ಮಿಯಾದರೆ ಟಾಪ್‌ಅಪ್ ಸಾಲದು

(ಐಂಡ್‌ಹೋವನ್‌ನಲ್ಲಿ ನಡೆದ ನಮ್ಮ ಕುಟುಂಬ ಸಮ್ಮಿಲನದಲ್ಲಿ ಸದಸ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಸ್ಪ್ಯಾನರ್ ಹಿಡಿದ ಕೈ ಇದು, ಮೈಕ್ ಹಿಡಿಯುವುದು ಇವತ್ತೇ ಮೊದಲು. ಮಂಗಳೂರಿನ ಪಡೀಲಿನಲ್ಲಿ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತೆ. ಆಮೇಲೆ ಗಲ್ಫ್. ಈಗ ಇಲ್ಲಿ. "ಎಲ್ಲರಿಗೂ ಉಪಯೋಗ ಆಗುವ ಎಂತದಾದರೂ ಹೇಳಿ" ಅಂತ ಪದಾಧಿಕಾರಿಗಳು ಹೇಳಿದರು. ಒಳಗೆ ಬರುವ ಮೊದಲು ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿದೆ. ನಮ್ಮವರ ಕಾರುಗಳಲ್ಲಿ ಹೆಚ್ಚಿನವು ಹತ್ತು-ಹದಿನೈದು ವರ್ಷ ದಾಟಿದವು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಎಕ್ಕರ್ಸ್‌ರೈಟ್‌ನಲ್ಲೋ ವೆಲ್ಡ್‌ಹೋವನ್‌ನಲ್ಲೋ ಬೆಳಿಗ್ಗೆ ಐದು ಗಂಟೆಗೆ ಕೆಲಸಕ್ಕೆ ಹಾಜರಾಗಬೇಕಾದವನಿಗೆ ಬಸ್ಸನ್ನು ನಂಬಿ ಆಗುವುದಿಲ್ಲ. ಊರಿಗೂ ಹಣ ಕಳಿಸಬೇಕು, ಇಲ್ಲಿ ಬಾಡಿಗೆಯನ್ನೂ ಕೊಡಬೇಕು. ಹಾಗಾಗಿ ಹಳೆ ಕಾರು.

ಆ ಹಳೆ ಕಾರಿನ ಒಂದೇ ಒಂದು ಭಾಗದ ಬಗ್ಗೆ ಇವತ್ತು ಹೇಳುತ್ತೇನೆ. ಪವರ್ ಸ್ಟೀರಿಂಗ್ ಹೋಸ್. ಮೊದಲು ನಾನೇ ಮಾಡಿದ ತಪ್ಪು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಮಕ್ಕಳಿಗೆ ರಜೆ ಇದ್ದಾಗ ಜರ್ಮನಿಯಲ್ಲಿರುವ ಸಂಬಂಧಿಕರ ಮನೆಗೆ ಹೊರಟೆವು. ನಾನು, ಹೆಂಡತಿ, ಇಬ್ಬರು ಮಕ್ಕಳು. ಎ67 ಹೆದ್ದಾರಿ, ವೆನ್ಲೋ ಇನ್ನೂ ಮುಂದೆ ಇತ್ತು. ಮೊದಲು ಸುಟ್ಟ ಎಣ್ಣೆಯ ವಾಸನೆ ಬಂತು. ಮುಂದಿನ ಲಾರಿಯದ್ದಿರಬೇಕು ಅಂದುಕೊಂಡೆ. ಎರಡು ನಿಮಿಷದಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ. ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ, ಮಕ್ಕಳನ್ನು ಎಳೆದುಕೊಂಡು ಕಬ್ಬಿಣದ ತಡೆಬೇಲಿಯ ಆಚೆ ಹೋಗಿ ನಿಂತೆವು. ಹೊಗೆ ಸ್ವಲ್ಪ ಹೊತ್ತು ಜೋರಾಗಿ, ಆಮೇಲೆ ತನ್ನಷ್ಟಕ್ಕೆ ಕಮ್ಮಿಯಾಯಿತು. ಬೆಂಕಿ ಹತ್ತಲಿಲ್ಲ. ಹತ್ತಲಿಕ್ಕೆ ಬೇಕಾದದ್ದೆಲ್ಲ ಅಲ್ಲಿ ಇತ್ತು.

ಕಾರು ಎಳೆಯಲು ಬಂದವನು ಟಾರ್ಚ್ ಹಾಕಿ ತೋರಿಸಿದ. ಪವರ್ ಸ್ಟೀರಿಂಗ್‌ನ ಪ್ರೆಶರ್ ಹೋಸ್, ರಬ್ಬರ್ ಮತ್ತು ಲೋಹದ ಪೈಪ್ ಸೇರುವ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಆಯಿಲ್ ಎಕ್ಸಾಸ್ಟ್ ಮೇಲೆ ಚಿಮ್ಮಿತ್ತು. ಹೆಂಡತಿ ಒಂದೇ ಮಾತು ಕೇಳಿದಳು: "ನೀವು ಎರಡು ತಿಂಗಳಿಂದ ಬಾಟ್ಲಿಯಿಂದ ಆಯಿಲ್ ಹಾಕ್ತಾ ಇದ್ದದ್ದು ಇದಕ್ಕೇನಾ?"

ಹೌದು, ಇದಕ್ಕೇ. ಎರಡು ತಿಂಗಳಲ್ಲಿ ಮೂರು ಸಲ ಟಾಪ್‌ಅಪ್ ಮಾಡಿದ್ದೆ. ಮೆಕ್ಯಾನಿಕ್ ಆಗಿದ್ದುಕೊಂಡು! ಬೇರೆಯವರ ಕಾರು ಆಗಿದ್ದರೆ ಬೈದು ರಿಪೇರಿ ಮಾಡಿಸುತ್ತಿದ್ದೆ. ನನ್ನ ಕಾರಿಗೆ "ಸಂಬಳ ಬರಲಿ, ಮುಂದಿನ ತಿಂಗಳು ನೋಡುವ" ಅಂದುಕೊಂಡೆ.

ಇವತ್ತು ನೀವು ಮನೆಗೆ ತೆಗೆದುಕೊಂಡು ಹೋಗಬೇಕಾದದ್ದು ಇಷ್ಟೇ: ಪವರ್ ಸ್ಟೀರಿಂಗ್ ಆಯಿಲ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಅದು ಪಂಪಿನಿಂದ ಸ್ಟೀರಿಂಗ್ ರ್‍ಯಾಕ್‌ಗೆ ಹೋಗಿ ಅಲ್ಲಿಂದ ಡಬ್ಬಿಗೆ ವಾಪಸ್ ಬರುವ ಆಯಿಲ್. ಡಬ್ಬಿಯಲ್ಲಿ ಕಮ್ಮಿಯಾಗಿದೆ ಅಂದರೆ ಎಲ್ಲಿಗೋ ಹೋಗಿದೆ. ಎಲ್ಲಿಗೆ ಅಂತ ಗೊತ್ತಾಗುವವರೆಗೆ ದೂರದ ಪ್ರಯಾಣ ಬೇಡ.

ಬೆಂಕಿ ಯಾಕೆ ಬೀಳ್ತದೆ? ಇದರಲ್ಲಿ ಎರಡು ಹೋಸ್ ಉಂಟು. ಒಂದು ಪ್ರೆಶರ್ ಹೋಸ್, ಇನ್ನೊಂದು ರಿಟರ್ನ್ ಹೋಸ್. ಕಾರಿನ ಟಯರಿನಲ್ಲಿ ಗಾಳಿ ಎರಡೂವರೆ ಬಾರ್ ಆಸುಪಾಸು ಇರುತ್ತದೆ ಅಲ್ವಾ? ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದಾಗ ಪ್ರೆಶರ್ ಹೋಸಿನೊಳಗೆ 70-80 ಬಾರ್, ಕೆಲವು ಕಾರಿನಲ್ಲಿ 100ಕ್ಕೂ ಮೇಲೆ ಹೋಗುತ್ತದೆ. ಸೂಜಿಯಷ್ಟು ತೂತು ಬಿದ್ದರೂ ಆಯಿಲ್ ಹನಿಯಾಗಿ ಬೀಳುವುದಿಲ್ಲ, ಸ್ಪ್ರೇ ಆಗಿ ಹಾರುತ್ತದೆ. ಹತ್ತಿರದಲ್ಲೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಹೆದ್ದಾರಿಯಲ್ಲಿ ಜೋರು ಓಡಿಸಿದಾಗ ಅದರ ಬಿಸಿ 500 ಡಿಗ್ರಿ ದಾಟುವುದುಂಟು. ಕಿಡಿ ಬೇಕಂತಲೇ ಇಲ್ಲ, ಆ ಬಿಸಿಯೇ ಸಾಕು. ರಿಟರ್ನ್ ಹೋಸಿನಲ್ಲಿ ಪ್ರೆಶರ್ ಕಮ್ಮಿ. ಆದರೆ ಅದರಿಂದ ಸೋರಿದ ಆಯಿಲೂ ಬಿಸಿ ಲೋಹಕ್ಕೆ ಬಿದ್ದರೆ ಹೊತ್ತಿಕೊಳ್ಳುತ್ತದೆ.

ಇದು ಹಳೆ ಕಾರಿನ ಬಡವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2012ರಲ್ಲಿ ಹೋಂಡಾ ಕಂಪನಿ ತನ್ನ ಅಕ್ಯೂರಾ ಟಿಎಲ್ ಕಾರುಗಳನ್ನು, 2007 ಮತ್ತು 2008ರ ಮಾಡೆಲ್‌ಗಳನ್ನು, ಸುಮಾರು 50 ಸಾವಿರ ಕಾರುಗಳನ್ನು ವಾಪಸ್ ಕರೆಸಿತು. ಕಾರಣ ಇದೇ ಹೋಸ್. ಬಾನೆಟ್ಟಿನೊಳಗಿನ ಬಿಸಿಗೆ ರಬ್ಬರ್ ಬೇಗ ಹಾಳಾಗಿ, ಆಯಿಲ್ ಸೋರಿ, ಹೊಗೆ ಅಥವಾ ಬೆಂಕಿ ಬರಬಹುದು ಅಂತ. ದುಬಾರಿ ಕಾರಿನ ಹೋಸ್ ನಾಲ್ಕೈದು ವರ್ಷದಲ್ಲಿ ಹೀಗಾಗುವುದಾದರೆ, ಹದಿನೈದು ವರ್ಷ ಅದೇ ಬಿಸಿಯಲ್ಲಿ ಬೆಂದ ನಮ್ಮ ಕಾರಿನ ರಬ್ಬರ್ ಹೇಗಿರಬಹುದು?

ಈಗ ನೋಡುವುದು ಹೇಗೆ ಅಂತ ಹೇಳುತ್ತೇನೆ. ಮೊದಲು ನಿಮ್ಮ ಕಾರಿಗೆ ಇದು ಅನ್ವಯ ಆಗ್ತದಾ ನೋಡಿ. ಹೊಸ ಕಾರುಗಳಲ್ಲಿ ಹೆಚ್ಚಾಗಿ ಪೂರ್ತಿ ಎಲೆಕ್ಟ್ರಿಕ್ ಸ್ಟೀರಿಂಗ್. ಅದರಲ್ಲಿ ಆಯಿಲೂ ಇಲ್ಲ, ಹೋಸೂ ಇಲ್ಲ. ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವು ಕಾರುಗಳಲ್ಲಿ ಪಂಪ್ ಕರೆಂಟಿನಲ್ಲಿ ಓಡಿದರೂ ಆಯಿಲ್ ಮತ್ತು ಹೋಸ್ ಇರುತ್ತವೆ, ಮೋಸ ಹೋಗಬೇಡಿ.

ಹೋಸ್ ಇದ್ದರೆ ತಿಂಗಳಿಗೊಮ್ಮೆ ಇಂಜಿನ್ ತಣಿದ ಮೇಲೆ ಬಾನೆಟ್ ಎತ್ತಿ. ಡಬ್ಬಿಯಲ್ಲಿ ಮಟ್ಟ ಎಲ್ಲಿದೆ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಹೋಲಿಸಿ. ಹೋಸನ್ನು ಮುಟ್ಟಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ, ಉಬ್ಬಿದ್ದರೆ, ಮೆತ್ತಗೆ ಅಂಟಂಟಾಗಿದ್ದರೆ, ಬಿರುಕು ಇದ್ದರೆ, ತುದಿಯ ಲೋಹದ ಕಟ್ಟಿನ ಹತ್ತಿರ ಒದ್ದೆ ಇದ್ದರೆ ಬದಲಾಯಿಸುವ ಸಮಯ ಆಗಿದೆ. ತಿರುಗಿಸುವಾಗ "ಗುಂಯ್" ಅಂತ ಶಬ್ದ ಬಂದರೆ ಆಯಿಲ್ ಕಮ್ಮಿಯಾಗಿರಬಹುದು. ಒಂದು ಎಚ್ಚರಿಕೆ: ಇಂಜಿನ್ ಓಡುತ್ತಿರುವಾಗ ಸೋರುವ ಜಾಗ ಹುಡುಕಲಿಕ್ಕೆ ಕೈ ಹಾಕಬೇಡಿ. ಅಷ್ಟು ಒತ್ತಡದ ಆಯಿಲ್ ಚರ್ಮದೊಳಗೆ ಹೋಗಬಹುದು. ಆಮೇಲೆ ಆಸ್ಪತ್ರೆಯೇ ಗತಿ.

ಬದಲಾಯಿಸುವಾಗ ಜಿಪುಣತನ ಬೇಡ. ಟೇಪ್ ಸುತ್ತುವುದು, ಒಡೆದ ಜಾಗ ಕತ್ತರಿಸಿ ಕ್ಲಿಪ್ ಹಾಕುವುದು ಪ್ರೆಶರ್ ಹೋಸಿಗೆ ನಡೆಯುವುದಿಲ್ಲ. ಮೆಶಿನಿನಲ್ಲಿ ಪ್ರೆಸ್ ಮಾಡಿದ, ಪವರ್ ಸ್ಟೀರಿಂಗ್‌ಗೆಂದೇ ಮಾಡಿದ, ನಿಮ್ಮ ಕಾರಿನ ಅಳತೆಯ ಹೋಸ್ ಬೇಕು. ರಿಟರ್ನ್ ಹೋಸಿಗೂ ನೀರಿನ ಹೋಸ್ ಹಾಕಿ ಬಿಡಬೇಡಿ, ಆಯಿಲಿಗೆ ಆ ರಬ್ಬರ್ ಕರಗುತ್ತದೆ. ಓ-ರಿಂಗ್, ವಾಷರ್ ಹೊಸದೇ ಇರಲಿ. ಆಯಿಲ್ ಯಾವುದು ಅಂತ ಕಾರಿನ ಪುಸ್ತಕ ನೋಡಿ. ಕೆಂಪಿನದ್ದೂ ಹಸಿರಿನದ್ದೂ ಒಂದೇ ಅಲ್ಲ, ಬೆರೆಸಬೇಡಿ. ಹೋಸ್ ಹಿಡಿದಿಡುವ ಕ್ಲಿಪ್, ಎಕ್ಸಾಸ್ಟ್ ಬಿಸಿ ತಡೆಯುವ ತಗಡು ಎರಡೂ ಮೊದಲಿನ ಜಾಗಕ್ಕೆ ಬರಬೇಕು. "ಎರಡು ಬೋಲ್ಟ್ ಉಳಿಯಿತು, ಪರವಾಗಿಲ್ಲ" ಅನ್ನುವವನ ಕೈಗೆ ಕಾರು ಕೊಡಬೇಡಿ. ಮೊದಲೇ ಸೋರಿದ ಆಯಿಲನ್ನು ತೊಳೆಸಿ, ಕೆಳಗಿನ ಕವರಿನಲ್ಲಿ ಆಯಿಲ್ ಕುಡಿದ ಸ್ಪಂಜು ಇದ್ದರೆ ಅದನ್ನೂ ತೆಗೆಸಿ. ಸ್ವಂತ ಮಾಡುವವರು ಬರೀ ಜ್ಯಾಕ್ ನಂಬಿ ಕಾರಿನಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಹಳೆ ಆಯಿಲನ್ನು ಚರಂಡಿಗೆ ಸುರಿಯಬೇಡಿ, ನಗರಸಭೆಯ ಕಸ ಸ್ವೀಕಾರ ಕೇಂದ್ರಕ್ಕೆ ಕೊಡಿ.

ಗ್ಯಾರೇಜಿನಲ್ಲಿ ಭಾಷೆ ಬಾರದೆ ಸುಮ್ಮನೆ ತಲೆಯಾಡಿಸಿ ಬರುವವರಿದ್ದಾರೆ. ಎರಡು ಡಚ್ ಶಬ್ದ ಕಲಿಯಿರಿ. ಪವರ್ ಸ್ಟೀರಿಂಗ್‌ಗೆ "ಸ್ಟ್ಯೂರ್‌ಬೆಕ್ರಖ್ಟಿಖಿಂಗ್". ನಾಲಿಗೆ ಹೊರಳದಿದ್ದರೆ ಬರೆದು ತೋರಿಸಿ. ಹೋಸಿಗೆ "ಸ್ಲಾಂಗ್". ಹಾವಿಗೂ ಅವರು ಅದೇ ಶಬ್ದ ಹೇಳುತ್ತಾರೆ. ಹಾಗಾಗಿ ಮರೆಯಲಿಕ್ಕಿಲ್ಲ.

"ನನ್ನ ಕಾರು ಎಪಿಕೆ ಪಾಸಾಗಿದೆ" ಅಂತ ಕೆಲವರು ಹೇಳ್ತಾರೆ. ಎಪಿಕೆ ಆ ದಿನದ ಪರೀಕ್ಷೆ. ಮರುದಿನದ ಗ್ಯಾರಂಟಿ ಅಲ್ಲ. ಪಾಸಾದ ಕಾಗದದಲ್ಲೂ ಸಲಹೆಯ ಸಾಲುಗಳು ಇರಬಹುದು. ಅಲ್ಲಿ ಆಯಿಲ್ ಸೋರಿಕೆ ಅಂತ ಬರೆದಿದ್ದರೆ ಯಾವ ಜಾಗದಿಂದ ಅಂತ ಕೇಳಿ. ಆರ್‌ಡಿಡಬ್ಲ್ಯು ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿದರೆ ಕಂಪನಿ ವಾಪಸ್ ಕರೆದ ದೋಷ ಏನಾದರೂ ಬಾಕಿ ಇದೆಯಾ ಅಂತಲೂ ನೋಡಬಹುದು. ಹಳೆ ಕಾರು ಕೊಳ್ಳುವ ಮೊದಲೇ ನೋಡಿ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಇಲ್ಲಿ ಕಡ್ಡಾಯ ಇರುವುದು ಡಬ್ಲ್ಯುಎ ಮಾತ್ರ. ಅದು ಬೇರೆಯವರಿಗೆ ಆದ ನಷ್ಟಕ್ಕೆ. ನಿಮ್ಮ ಕಾರು ಸುಟ್ಟರೆ ಅದರಿಂದ ಒಂದು ಯೂರೋ ಬರುವುದಿಲ್ಲ. ಬೆಂಕಿಗೆ ಬೆಪೆರ್ಕ್ಟ್ ಕಾಸ್ಕೊ ಅಥವಾ ಅದಕ್ಕಿಂತ ದೊಡ್ಡದು ಬೇಕು. ನಮ್ಮಲ್ಲಿ ಹಳೆ ಕಾರಿಗೆ ಡಬ್ಲ್ಯುಎ ಮಾತ್ರ ಮಾಡಿಸಿದವರೇ ಜಾಸ್ತಿ. ಕಾರು ಹೋದರೆ ಕೆಲಸಕ್ಕೆ ಹೋಗುವ ದಾರಿಯೂ ಹೋಯಿತು.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಹೊಗೆ ಕಂಡರೆ? ಬದಿಗೆ ನಿಲ್ಲಿಸಿ, ನಿಂತ ಕೂಡಲೇ ಇಂಜಿನ್ ಆಫ್ ಮಾಡಿ. ಇಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಆಯಿಲ್ ಚಿಮ್ಮುವುದು ನಿಲ್ಲುತ್ತದೆ. ಆದರೆ ಓಡುತ್ತಿರುವಾಗ ಆಫ್ ಮಾಡಬೇಡಿ, ಸ್ಟೀರಿಂಗ್ ಕಲ್ಲಾಗುತ್ತದೆ. ರಸ್ತೆ ಕಡೆಯ ಬಾಗಿಲು ಬಿಟ್ಟು ಆಚೆ ಬದಿಯಿಂದ ಎಲ್ಲರೂ ಇಳಿದು ತಡೆಬೇಲಿಯ ಹಿಂದೆ, ದೂರ ಹೋಗಿ. ಬಾನೆಟ್ ತೆರೆಯಬೇಡಿ, ಗಾಳಿ ಸಿಕ್ಕರೆ ಹೊಗೆ ಬೆಂಕಿಯಾಗುತ್ತದೆ. ಪಾಸ್‌ಪೋರ್ಟ್, ಬ್ಯಾಗ್, ಊರಿಂದ ತಂದ ಡಬ್ಬಿ, ಯಾವುದಕ್ಕೂ ವಾಪಸ್ ಹೋಗಬೇಡಿ. 112ಕ್ಕೆ ಫೋನ್ ಮಾಡಿ. ಇಂಗ್ಲಿಷ್‌ನಲ್ಲಿ ಹೇಳಿದರೆ ಸಾಕು. ಹೆದ್ದಾರಿ ಬದಿಯಲ್ಲಿ ನೂರು ನೂರು ಮೀಟರಿಗೆ ಸಣ್ಣ ಹಸಿರು ಫಲಕ ಇರುತ್ತದೆ. ಅದರಲ್ಲಿರುವ ರಸ್ತೆ ನಂಬರ್, ಕಿಲೋಮೀಟರ್ ಓದಿ ಹೇಳಿ.

ಕೊನೆಗೆ ಊರಿನವರಿಗೆ. ಈ ಪತ್ರಿಕೆ ಊರಿನ ಮನೆಗಳಿಗೂ ಹೋಗುತ್ತದೆ ಅಂತ ಗೊತ್ತು. ನಮ್ಮ ಮನೆಗಳಲ್ಲಿ ಹಳೆ ಕ್ವಾಲಿಸ್, ಹಳೆ ಇನ್ನೋವಾ ಇನ್ನೂ ಓಡುತ್ತಿವೆ. ಅವುಗಳಿಗೂ ಇದೇ ಹೋಸ್. ಮಳೆಗಾಲದಲ್ಲಿ ಇಲಿ ಕಚ್ಚಿದ ಹೋಸನ್ನು ನಾನೇ ಕಂಡಿದ್ದೇನೆ. ಉಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟ್ ಹತ್ತಿ ಬೆಂಗಳೂರಿಗೆ ಹೊರಡುವ ಮೊದಲು ಒಂದು ಸಲ ಬಾನೆಟ್ ಎತ್ತಿ ನೋಡಿ ಅಂತ ತಮ್ಮಂದಿರಿಗೆ ಹೇಳಿ.

ನನ್ನ ಕಾರು ಇವತ್ತೂ ಹೊರಗೆ ನಿಂತಿದೆ. ಎರಡೂ ಹೋಸ್ ಹೊಸದು. ಆ ಅರ್ಧ ಬಾಟ್ಲಿ ಆಯಿಲ್ ಇನ್ನೂ ಡಿಕ್ಕಿಯಲ್ಲಿದೆ, ಎರಡು ವರ್ಷದಿಂದ ಅದರ ಮುಚ್ಚಳ ತೆಗೆಯಬೇಕಾಗಿ ಬಂದಿಲ್ಲ. ಊಟ ಆದ ಮೇಲೆ ನಾನು ಪಾರ್ಕಿಂಗ್‌ನಲ್ಲಿ ಇರುತ್ತೇನೆ, ಟಾರ್ಚ್ ತಂದಿದ್ದೇನೆ. ಯಾರಿಗೆ ಬೇಕೋ ಬಾನೆಟ್ ಎತ್ತಿಡಿ, ಒಟ್ಟಿಗೆ ನೋಡುವ.