ಹಬ್ಬದ ಮರುದಿನದ ದಾಸೋಹ



ದೀಪಾವಳಿ ಹತ್ತಿರ ಬಂತು. ನಿಮ್ಮ ಮನೆಗಳಿಗೆ ಸುಣ್ಣ ಹಚ್ಚಿದ್ದಾಗಿದೆ, ಹಿತ್ತಾಳೆ ಪಾತ್ರೆಗಳನ್ನು ತಿಕ್ಕಿ ಬೆಳಗಿದ್ದಾಗಿದೆ. ಹೊರಗೆ ಓದಲು ಹೋದ ಮಕ್ಕಳು ಸೂಟಿಗೆಂದು ಬರುತ್ತಿದ್ದಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಗೆ ಬರುವ ಬಸ್ಸುಗಳಲ್ಲಿ ನಿಲ್ಲುವುದಕ್ಕೂ ಜಾಗವಿಲ್ಲ. ಎಲ್ಲರೂ ಮನೆಯ ಕಡೆಗೆ ಮುಖ ಮಾಡುವ ಕಾಲವಿದು.

ಆದರೆ ಇದೇ ಕಾಲದಲ್ಲಿ ತಮ್ಮ ಮನೆಗೆ ಬೆನ್ನು ಮಾಡಿ ಹೊರಟವರೂ ಇದ್ದಾರೆ. ಅವರನ್ನು ನೀವೆಲ್ಲ ನೋಡಿದ್ದೀರಿ. ವಿಜಯಪುರದ ಕಡೆಯ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಒಂದು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹಾಸಿಗೆ, ಬೋಗುಣಿ, ಕೋಳಿ, ಎಲ್ಲವೂ ಇರುತ್ತವೆ. ಅವುಗಳ ನಡುವೆ ಮಕ್ಕಳು ಕುಳಿತಿರುತ್ತಾರೆ. ಊರ ಹೊರಗೆ ರವದಿ ಹೊದಿಸಿದ, ಪ್ಲಾಸ್ಟಿಕ್ ಹಾಳೆ ಕಟ್ಟಿದ ಗುಡಿಸಲು ಏಳುತ್ತದೆ. ಯುಗಾದಿ ಹತ್ತಿರವಾಗುವವರೆಗೆ ಅದೇ ಅವರ ಮನೆ. ಅದೂ ಒಂದೇ ಕಡೆ ನಿಲ್ಲುವುದಿಲ್ಲ. ಕಬ್ಬು ಮುಗಿದರೆ ಗುಡಿಸಲು ಮುಂದಿನ ಊರಿಗೆ ಹೋಗುತ್ತದೆ.

ಇವರೇಕೆ ಬರುತ್ತಾರೆ? ನಮ್ಮಲ್ಲಿ ನೀರಿದೆ, ಅವರಲ್ಲಿ ಇಲ್ಲ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದರು, ಮುಂದೆ ಹಿಡಕಲ್ಲಿನಲ್ಲಿ ಜಲಾಶಯವಾಯಿತು. ಕಾಲುವೆಯ ನೀರು ಮುಟ್ಟಿದಲ್ಲಿ ಜೋಳದ ಹೊಲ ಕಬ್ಬಿನ ಹೊಲವಾಯಿತು. ಅವರ ಊರಲ್ಲಿ ಮಳೆಗಾಲದಲ್ಲಿಯೇ ಮುಕಾದಮ ಬಂದು ಮುಂಗಡ ಕೊಟ್ಟಿರುತ್ತಾನೆ. ಆ ಹಣ ಮದುವೆಗೋ, ಔಷಧಕ್ಕೋ, ಹಳೆಯ ಸಾಲಕ್ಕೋ ಮುಗಿದಿರುತ್ತದೆ. ಅದನ್ನು ಟನ್ನಿನ ಲೆಕ್ಕದಲ್ಲಿ ಕಡಿದು ತೀರಿಸಬೇಕು. ಗಂಡ ಕಡಿಯುತ್ತಾನೆ, ಹೆಂಡತಿ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಗಾಡಿಗೆ ಹೇರುತ್ತಾಳೆ. ಕೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಹುಡುಗಿ ಶಾಲೆ ಬಿಡುತ್ತಾಳೆ. ಹದಿನಾಲ್ಕು ಹದಿನೈದರ ಹುಡುಗನ ಕೈಗೆ ಕೊಯ್ತಾ ಬರುತ್ತದೆ.

ನಾಡಿಗೆಲ್ಲ ಹೆಸರಾದ ಗೋಕಾಕದ ಕರದಂಟಿನಲ್ಲಿ ಬೆಲ್ಲವಿದೆ. ನಿಮ್ಮ ಹಬ್ಬದ ಹೋಳಿಗೆಯಲ್ಲಿಯೂ ಬೆಲ್ಲವಿದೆ. ಆ ಬೆಲ್ಲ ಯಾರ ಕೈ ದಾಟಿ ಬಂತು ಎಂದು ನಾವು ಎಂದಾದರೂ ಕೇಳಿದ್ದೇವೆಯೆ?

ಬಂಧುಗಳೇ, ಇಂದು ನಿಮಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಮಠದ ತರುಣರು ದೀಪಾವಳಿಯ ದಿನ ಇಂಥ ಗುಡಿಸಲುಗಳಿಗೆ ಹೋಗೋಣವೆಂದರು. ನಮಗೆ ಬಹಳ ಸಂತೋಷವಾಯಿತು. ಟ್ರಾಲಿ ತುಂಬ ಹೋಳಿಗೆ, ಅಂಗಿ, ಪಾಟಿ ಪುಸ್ತಕ ಹೇರಿಕೊಂಡು ಹೋದೆವು. ನಮಗೆ ಕುರ್ಚಿ ಹಾಕಿದರು. ಮಕ್ಕಳು ಸಾಲಾಗಿ ಬಂದು ತೆಗೆದುಕೊಂಡರು. ಫೋಟೋ ತೆಗೆದರು. ‘ಮಕ್ಕಳೇ, ಶಾಲೆ ಕಲಿಯಿರಿ, ದೊಡ್ಡವರಾಗಿರಿ’ ಎಂದು ನಾವು ನಾಲ್ಕು ಮಾತು ಹೇಳಿದೆವು. ಮಧ್ಯಾಹ್ನದ ಹೊತ್ತಿಗೆ ಮಠಕ್ಕೆ ಮರಳಿ ಬಂದು, ದೊಡ್ಡ ದಾಸೋಹ ಮಾಡಿದೆವೆಂದು ತೃಪ್ತಿಪಟ್ಟೆವು.

ಸಂಕ್ರಾಂತಿಯ ಸುಮಾರಿಗೆ ಅದೇ ದಾರಿಯಲ್ಲಿ ಹೊರಟಿದ್ದೆವು. ಹೊಲದ ಬದುವಿನಲ್ಲಿ ಹದಿನೈದು ವರ್ಷದ ಒಬ್ಬ ಹುಡುಗ ನಿಂತಿದ್ದ. ಅಂಗೈಗೆ ಬಟ್ಟೆ ಸುತ್ತಿದ್ದ. ಮೈಮೇಲೆ ಹರಕು ಅಂಗಿ. ಗುರುತು ಹಿಡಿದು, ‘ಹೊಸ ಅಂಗಿ ಎಲ್ಲೈತೋ ತಮ್ಮಾ?’ ಎಂದು ಕೇಳಿದೆವು.

‘ಕಬ್ಬಿನಾಗ ಹರೀತೈತ್ರಿ ಅಪ್ಪಾರ. ಊರಿಗೆ ಹೋಗುವಾಗ ಹಾಕ್ಕೋತೀನ್ರಿ’ ಎಂದ. ಸ್ವಲ್ಪ ತಡೆದು, ‘ಅವತ್ತ ನೀವು ಸಾಲಿ ಕಲೀರಿ ಅಂದ್ರಲ್ರಿ. ನಮ್ಮ ತಂಗಿ ಮರುದಿನ ಪಾಟಿ ಹಿಡಕೊಂಡು ರಸ್ತೆಕ್ಕ ಬಂದು ಕುಂತಿದ್ಲರಿ. ನೀವು ಕರಕೊಂಡು ಹೋಗ್ತೀರಿ ಅಂತ ತಿಳಿದಿದ್ಲು’ ಎಂದ.

ಆ ಮಾತು ನಮ್ಮ ಎದೆಗೆ ನಾಟಿತು. ಶಾಲೆ ಅಲ್ಲಿಂದ ಒಂದೇ ಮೈಲು. ನಾವು ಶಾಲೆಯೆಂಬ ಮಾತನ್ನು ಕೊಟ್ಟಿದ್ದೆವು, ದಾರಿಯನ್ನು ಕೊಟ್ಟಿರಲಿಲ್ಲ. ಹಬ್ಬದ ದಿನ ಹೋಗಿದ್ದೆವು, ಹಬ್ಬದ ಮರುದಿನ ಹೋಗಿರಲಿಲ್ಲ.

ಮಠದ ಭಕ್ತರೊಬ್ಬರು ನಿವೃತ್ತ ಶಿಕ್ಷಕರು. ಆ ವಾರವೇ ಅವರು ಆ ಮಗುವನ್ನೂ ಇನ್ನು ಆರು ಮಕ್ಕಳನ್ನೂ ಕೈಹಿಡಿದು ಶಾಲೆಗೆ ಕರೆದೊಯ್ದರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ 6ರಿಂದ 14 ವರ್ಷದ ಮಗುವಿಗೆ ವರ್ಷದ ನಡುವೆ ಬಂದಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ಮಕ್ಕಳು ಎರಡು ತಿಂಗಳು ಕಲಿತರು. ಆದರೆ ಆ ಹುಡುಗನಿಗೆ ಹದಿನೈದಾಗಿತ್ತು. ಅವನಿಗಾಗಿ ಏನು ಮಾಡಬೇಕೆಂದು ನಾವು ಯೋಚಿಸುತ್ತಿರುವಾಗಲೇ ಗ್ಯಾಂಗು ಹೊರಟುಹೋಯಿತು. ಅವನು ಮತ್ತೆ ಈ ಕಡೆ ಬರಲಿಲ್ಲ. ಆ ಋಣ ನಮ್ಮ ಮೇಲೆ ಇಂದಿಗೂ ಇದೆ.

ಬಸವಣ್ಣನವರೂ ಮನೆ ಬಿಟ್ಟ ಹುಡುಗರೇ ಆಗಿದ್ದರು. ಜನಿವಾರ ಒಲ್ಲೆನೆಂದು ಬಾಗೇವಾಡಿಯಿಂದ ಹೊರಟು ಕೂಡಲಸಂಗಮಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಅಂದು ಸಂಗಮದಲ್ಲಿ ಅವರಿಗೆ ಒಂದು ಹೊತ್ತಿನ ಊಟ ಹಾಕಿ, ಹೋಗಿ ಬಾ ಎಂದಿದ್ದರೆ? ಹಾಗೆ ಆಗಲಿಲ್ಲ. ನೆಲೆ ಸಿಕ್ಕಿತು, ಗುರು ಸಿಕ್ಕರು, ವಿದ್ಯೆ ಸಿಕ್ಕಿತು. ನಮ್ಮ ಘಟಪ್ರಭೆಯ ನೀರು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಅದೇ ಕೂಡಲಸಂಗಮದ ಮುಂದೆ ಹರಿಯುತ್ತದೆ. ನೀರು ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಅಲ್ಲಿಯ ಆ ಗುಣ ಇಲ್ಲಿಗೆ ಬರಬೇಡವೆ?

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಆಗ ಅವರಿಗೆ 111 ವರ್ಷ. ಮಕ್ಕಳ ಊಟ ಮುಗಿಯುವ ಮೊದಲು ತಮ್ಮ ಸಾವಿನ ಸುದ್ದಿ ಹೇಳಬಾರದೆಂದು ಅವರು ಮೊದಲೇ ತಿಳಿಸಿದ್ದರಂತೆ. ಇದನ್ನು ಚೆನ್ನಾಗಿ ವಿಚಾರ ಮಾಡಿರಿ. ತಾವು ಹೋದ ದಿನವೂ ಮಕ್ಕಳ ಒಂದು ಹೊತ್ತಿನ ಊಟ ತಪ್ಪಬಾರದು! ದಾಸೋಹದ ಜೀವ ಇರುವುದು ಪಂಕ್ತಿಯ ಉದ್ದದಲ್ಲಿ ಅಲ್ಲ, ತಪ್ಪದೆ ನಡೆಯುವುದರಲ್ಲಿ. ವರ್ಷಕ್ಕೊಮ್ಮೆ ಮಾಡಿದರೆ ದಾನ. ತಪ್ಪದೆ ಮಾಡಿದರೆ ಕಾಯಕ.

ಆದ್ದರಿಂದ ತರುಣರೇ, ಈ ಸೂಟಿಯಲ್ಲಿ ನಿಮ್ಮನ್ನು ನಾವು ಒಂದು ಭಿಕ್ಷೆ ಬೇಡುತ್ತೇವೆ. ಹಣ ಬೇಡ, ವಾರಕ್ಕೊಂದು ಹೊತ್ತು ಕೊಡಿರಿ. ದೀಪಾವಳಿಯಿಂದ ಯುಗಾದಿವರೆಗೆ ಕೊಡಿರಿ. ಸೂಟಿ ಮುಗಿದ ಮೇಲೆ ನೀವು ಕಾಲೇಜಿಗೆ ಹೋಗುವುದಾದರೆ, ನಿಮ್ಮ ಜಾಗಕ್ಕೆ ಊರಲ್ಲಿರುವ ಒಬ್ಬರನ್ನು ನಿಲ್ಲಿಸಿ ಹೋಗಿರಿ. ಇಬ್ಬಿಬ್ಬರಾಗಿ ಹೋಗಿರಿ, ತಾಯಿತಂದೆಯರನ್ನು ಕೇಳಿಯೇ ಮಕ್ಕಳ ಹತ್ತಿರ ಕೂಡಿರಿ. ಜಾತಿ ಕೇಳಬೇಡಿರಿ, ಫೋಟೋ ತೆಗೆಯಬೇಡಿರಿ.

ಸಣ್ಣ ಮಕ್ಕಳನ್ನು ಶಾಲೆಯ ಬಾಗಿಲವರೆಗೆ ಮುಟ್ಟಿಸಿರಿ. ಅವರು ಊರಿಗೆ ಹೊರಡುವಾಗ ಇಲ್ಲಿ ಕಲಿತದ್ದಕ್ಕೆ ಮುಖ್ಯಾಧ್ಯಾಪಕರಿಂದ ಒಂದು ಹಾಜರಿ ಪತ್ರ ಬರೆಸಿ ಕೊಡಿಸಿರಿ. ಹದಿನೈದು ದಾಟಿದವರಿಗೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡುವ ದಾರಿಯಿದೆ. ಅರ್ಜಿ ತುಂಬಿಸಿರಿ, ಸಂಜೆ ಗಣಿತ ಹೇಳಿಕೊಡಿರಿ. ರೇಶನ್ ಕಾರ್ಡ್ ಇದ್ದವರಿಗೆ ತಮ್ಮ ಊರು ಬಿಟ್ಟು ಬೇರೆ ಕಡೆಯ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯುವ ವ್ಯವಸ್ಥೆಯಿದೆ ಎಂದು ತಿಳಿಸಿರಿ. ಘಟಪ್ರಭಾ ಸ್ಟೇಶನ್ನಿನಲ್ಲಿಯೋ ಬಸ್‌ಸ್ಟ್ಯಾಂಡಿನಲ್ಲಿಯೋ ಯಾರೂ ಇಲ್ಲದ ಮಗು ಕಂಡರೆ ನೀವೇ ಮನೆಗೆ ಕರೆದೊಯ್ಯಬೇಡಿರಿ. 1098ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಆ ಮಗುವಿನ ಹತ್ತಿರ ಕುಳಿತಿರಿ.

ಇನ್ನು ಕಬ್ಬು ಬೆಳೆಯುವ ರೈತ ಬಂಧುಗಳಿಗೆ ಒಂದು ಮಾತು. ನಿಮ್ಮ ಹೊಲದಲ್ಲಿ ಗ್ಯಾಂಗು ಇಳಿದರೆ ಕುಡಿಯುವ ನೀರು, ಒಂದು ದೀಪ, ಹೆಣ್ಣುಮಕ್ಕಳಿಗೆ ಸ್ನಾನಕ್ಕೆ ಒಂದು ಮರೆ, ಇಷ್ಟನ್ನು ಕೊಡಿರಿ. ಮಗುವಿನ ಕೈಯಲ್ಲಿ ಕೊಯ್ತಾ ಕಂಡರೆ, ಇದು ನನ್ನ ಹೊಲದಲ್ಲಿ ನಡೆಯುವುದಿಲ್ಲ ಎಂದು ಮುಕಾದಮನಿಗೆ ಹೇಳಿರಿ. ‘ಕಬ್ಬು ಒಣಗಿ ಹೋಗುತ್ತದೆ, ಮುಕಾದಮ ಸಿಟ್ಟಾದರೆ ಗ್ಯಾಂಗು ಸಿಗುವುದಿಲ್ಲ’ ಎಂದು ನೀವು ಅನ್ನುತ್ತೀರಿ. ನಮಗೂ ಆ ಭಯ ಗೊತ್ತಿದೆ. ಮಠಕ್ಕೂ ಕಬ್ಬಿನ ಹೊಲವಿದೆ. ಅಲ್ಲಿಯೂ ಇಂಥ ಕೈಗಳೇ ಕಡಿದಿವೆ. ನಾವು ನೋಡಿಯೂ ಸುಮ್ಮನಿದ್ದ ವರ್ಷಗಳಿವೆ. ಈ ವರ್ಷ ಆ ಮಾತನ್ನು ಮೊದಲು ಮಠದ ಹೊಲದಲ್ಲಿಯೇ ನಾವು ಹೇಳುತ್ತೇವೆ. ಒಂದು ಗಾಡಿ ಕಬ್ಬು ತಡವಾದರೆ ತಡವಾಗಲಿ.

ಹಬ್ಬದ ದಿನ ನಿಮ್ಮ ನಿಮ್ಮ ಮನೆಯಲ್ಲಿ ಮಕ್ಕಳೊಂದಿಗೆ ಸಂತೋಷವಾಗಿರಿ. ಪಾಡ್ಯದ ಮರುದಿನ ಬೆಳಿಗ್ಗೆ ಮಠಕ್ಕೆ ಬನ್ನಿರಿ. ಗೋಕಾಕದವರು ಒಂದು, ಮೂಡಲಗಿಯವರು ಒಂದು, ಹುಕ್ಕೇರಿಯವರು ಒಂದು, ಹೀಗೆ ಮೂರು ಗುಂಪು ಮಾಡಿ ಹೊರಡೋಣ. ನಾವೂ ಬರುತ್ತೇವೆ. ಕುರ್ಚಿ ಮಾತ್ರ ತರಬೇಡಿರಿ. ಪಾಟಿ ಹಿಡಿದುಕೊಂಡು ರಸ್ತೆಯ ಬದಿಗೆ ಕುಳಿತ ಯಾವ ಮಗುವೂ ಈ ವರ್ಷ ಸುಮ್ಮನೆ ದಾರಿ ಕಾಯದಿರಲಿ.

ಬಸವಾದಿ ಶರಣರ ಕೃಪೆ ಎಲ್ಲರ ಮೇಲಿರಲಿ.